‘ಹಳೆ ದೆಹಲಿ’ ನಿಜಕ್ಕೂ ಎಷ್ಟು ಹಳೆಯದು?

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಮನೆಯವರೆಲ್ಲ ಸೇರಿ ನಾಲ್ಕು ದಿನದ ಮಟ್ಟಿಗೆ ದೆಹಲಿಗೆ ಹೋಗುತ್ತಿದ್ದೇವೆ. ದೆಹಲಿ ಏಳು ಸಲ ಹಾಳಾಗಿ ಏಳು ಸಲ ಎದ್ದು ನಿಂತ ಊರು ಎಂದು ಓದಿದ್ದೇನೆ. ಒಂದೇ ಊರನ್ನು ಅಷ್ಟು ಸಲ ಕಟ್ಟುವ ಅಗತ್ಯ ಏನಿತ್ತು? ಹಳೆ ದೆಹಲಿ ಎಂದು ಕರೆಯುವ ಚಾಂದನಿ ಚೌಕದ ಭಾಗವೇ ಪಾಂಡವರ ಇಂದ್ರಪ್ರಸ್ಥವೇ? ಮಕ್ಕಳಿಗೆ ಇತಿಹಾಸ ಅರ್ಥವಾಗಬೇಕಾದರೆ ಯಾವ ಕ್ರಮದಲ್ಲಿ ನೋಡಬೇಕು?
ಓದುಗರೊಬ್ಬರು, ಹಾಸನ

ಉತ್ತರ: ನೀವು ಹಾಸನದವರು, ಹಾಗಾಗಿ ಉತ್ತರದ ಅರ್ಧ ಭಾಗ ನಿಮಗೆ ಆಗಲೇ ಗೊತ್ತು. ದೋರಸಮುದ್ರ ಇಂದು ಹಳೇಬೀಡು. ಅರಸನ ಬೀಡು ಎದ್ದು ಬೇರೆಡೆಗೆ ಹೋದ ಮೇಲೆ ಹಿಂದೆ ಉಳಿಯುವುದು ಹಳೆಯ ಬೀಡು. ದೆಹಲಿಯಲ್ಲಿ ಇದು ಒಂದು ಸಲವಲ್ಲ, ಹಲವು ಸಲ ನಡೆಯಿತು. ಪ್ರತಿ ಸಲವೂ ಹೊಸ ಬೀಡು ಹಳೆಯದರಿಂದ ಕೂಗಳತೆಯಲ್ಲಿ, ಹೆಚ್ಚೆಂದರೆ ಅರ್ಧ ದಿನದ ನಡಿಗೆಯ ದೂರದಲ್ಲಿ ಬಂದು ನಿಂತಿತು. ಹಾಗಾಗಿ ‘ಒಂದೇ ಊರನ್ನು ಏಳು ಸಲ ಕಟ್ಟಿದರು’ ಎಂಬ ಮಾತನ್ನು ಮೊದಲು ಮನಸ್ಸಿನಿಂದ ತೆಗೆಯಿರಿ. ಅಕ್ಕಪಕ್ಕದಲ್ಲಿ ಏಳು ಊರುಗಳನ್ನು ಕಟ್ಟಿದರು. ಅವು ಇಂದಿಗೂ ಅಕ್ಕಪಕ್ಕದಲ್ಲೇ ಇವೆ.

ಹನ್ನೆರಡು ವರ್ಷ ದೆಹಲಿಯಲ್ಲಿದ್ದು ಇತಿಹಾಸ ಪಾಠ ಮಾಡಿದವನು ನಾನು. ಊರಿನಿಂದ ಬಂದ ನೆಂಟರನ್ನು, ಶಿಷ್ಯರನ್ನು ಸುತ್ತಾಡಿಸುವಾಗ ಎಲ್ಲರಿಗೂ ಮೊದಲು ನೆಲವನ್ನು ತೋರಿಸುತ್ತಿದ್ದೆ, ಆಮೇಲೆ ಕಟ್ಟಡ. ನೆಲ ಅರ್ಥವಾಗದೆ ದೆಹಲಿ ಅರ್ಥವಾಗುವುದಿಲ್ಲ.

ರಾಜಸ್ಥಾನದಿಂದ ಬರುವ ಅರಾವಳಿ ಬೆಟ್ಟಸಾಲು ದೆಹಲಿಯಲ್ಲಿ ಕೊನೆಗೊಳ್ಳುತ್ತದೆ. ನಗರದ ದಕ್ಷಿಣದಲ್ಲಿ ಅಗಲವಾಗಿ ಹರಡಿರುವ ಈ ಕಲ್ಲುಗುಡ್ಡ ಉತ್ತರಕ್ಕೆ ಹೋಗುತ್ತ ಸಣ್ಣದಾಗಿ, ವಜೀರಾಬಾದಿನ ಹತ್ತಿರ ಯಮುನೆಯನ್ನು ಮುಟ್ಟುತ್ತದೆ. ಪೂರ್ವಕ್ಕೆ ನದಿ, ಪಶ್ಚಿಮಕ್ಕೂ ದಕ್ಷಿಣಕ್ಕೂ ಗುಡ್ಡ, ನಡುವೆ ಒಂದು ತ್ರಿಕೋನ. ಎಲ್ಲ ದೆಹಲಿಗಳೂ ಹೆಚ್ಚುಕಡಿಮೆ ಈ ತ್ರಿಕೋನದೊಳಗೇ ಹುಟ್ಟಿದವು. ಗುಡ್ಡದ ಮೇಲೆ ಕಲ್ಲು ಧಾರಾಳ, ಕೋಟೆಗೆ ಹೇಳಿ ಮಾಡಿಸಿದ ಜಾಗ, ಆದರೆ ನೀರಿಗೆ ಕಷ್ಟ. ನದಿಯ ದಂಡೆಯಲ್ಲಿ ನೀರುಂಟು, ಆದರೆ ಪ್ರವಾಹದ ಭಯ ಮತ್ತು ಬಯಲಿನಿಂದ ಬರುವ ಶತ್ರುವಿನ ಭಯ. ಗುಡ್ಡದಿಂದ ನದಿಯ ಕಡೆಗೆ ದೆಹಲಿ ಆರು ಶತಮಾನ ನಡೆದ ದಾರಿಯನ್ನು ನೋಡಿದರೆ ಯುದ್ಧಗಳಷ್ಟೇ ನೀರೂ ಅದನ್ನು ನಡೆಸಿತು ಎಂದು ನನಗೆ ಅನಿಸುತ್ತದೆ.

ಮೊದಲು ಇಂದ್ರಪ್ರಸ್ಥದ ಮಾತು. ಸಂಪ್ರದಾಯ ಅದನ್ನು ಗುರುತಿಸುವುದು ಚಾಂದನಿ ಚೌಕದಲ್ಲಲ್ಲ, ಪ್ರಾಣಿಸಂಗ್ರಹಾಲಯದ ಪಕ್ಕದ ಪುರಾನಾ ಕಿಲಾ ದಿಬ್ಬದಲ್ಲಿ. ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಆ ಕೋಟೆಯ ಗೋಡೆಗಳ ಒಳಗೆ ಇಂದ್ರಪತ್ ಎಂಬ ಹಳ್ಳಿಯೇ ಇತ್ತು. 1950ರ ದಶಕದಿಂದ ಅಲ್ಲಿ ನಡೆದ ಉತ್ಖನನಗಳಲ್ಲಿ ಬೂದುಬಣ್ಣದ ಚಿತ್ರಿತ ಮಡಕೆಯ ಚೂರುಗಳು ಸಿಕ್ಕಿವೆ. ಮೌರ್ಯರ ಕಾಲದಿಂದ ಮೊಗಲರವರೆಗೆ ಪದರದ ಮೇಲೆ ಪದರವಾಗಿ ಜನವಸತಿಯ ಕುರುಹುಗಳೂ ಇವೆ. ಇದರಿಂದ ಪಾಂಡವರ ಅರಮನೆ ಸಿದ್ಧವಾಗುವುದಿಲ್ಲ. ಆದರೆ ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಆ ದಿಬ್ಬದ ಮೇಲೆ ಒಲೆ ಉರಿದಿದೆ ಎಂಬುದು ಸಿದ್ಧವಾಗುತ್ತದೆ. ಮಕ್ಕಳಿಗೆ ಎರಡನ್ನೂ ಬೇರೆ ಬೇರೆಯಾಗಿಯೇ ಹೇಳಿ.

ಅದೇ ಮೌರ್ಯರ ಕಾಲದ ಇನ್ನೊಂದು ಗುರುತು ಕನ್ನಡಿಗರಿಗೆ ಹತ್ತಿರದ್ದು. ಕಾಲ್ಕಾಜಿಯ ಹತ್ತಿರ, ಶ್ರೀನಿವಾಸಪುರಿಯ ಪಕ್ಕದ ಬಹಾಪುರದ ಬಂಡೆಯೊಂದರ ಮೇಲೆ 1966ರಲ್ಲಿ ಅಶೋಕನ ಶಾಸನ ಕಂಡಿತು. ನಮ್ಮ ಮಸ್ಕಿ, ಬ್ರಹ್ಮಗಿರಿ, ಸಿದ್ದಾಪುರಗಳ ಬಂಡೆಗಳ ಮೇಲಿರುವ ಕಿರು ಬಂಡೆಶಾಸನದ ಗುಂಪಿಗೇ ಇದೂ ಸೇರುತ್ತದೆ. ಸುತ್ತ ಮನೆಗಳು, ಗದ್ದಲ, ನಡುವೆ ಕಬ್ಬಿಣದ ಸರಳುಗಳ ಹಿಂದೆ ಒಂದು ಓರೆಯಾದ ಬಂಡೆ. ನಾನು ಹೋದಾಗಲೆಲ್ಲ ಅಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ. ರಾಯಚೂರಿನಲ್ಲೂ ದೆಹಲಿಯಲ್ಲೂ ಒಬ್ಬನೇ ಅರಸ ಒಂದೇ ಮಾತನ್ನು ಕಲ್ಲಿನಲ್ಲಿ ಬರೆಸಿದ್ದಾನೆ ಎಂದು ಯೋಚಿಸಿದರೆ ನನಗೆ ಈಗಲೂ ಮೈ ನವಿರೇಳುತ್ತದೆ.

ಈಗ ನಿಜವಾದ ಹಳೆ ದೆಹಲಿಗೆ ಬರೋಣ. ಅದು ಮೆಹರೌಲಿ, ಕುತುಬ್ ಮಿನಾರ್ ಇರುವ ಭಾಗ. ಹನ್ನೊಂದನೆಯ ಶತಮಾನದಲ್ಲಿ ತೋಮರ ವಂಶದವರು ಇಲ್ಲಿ ಲಾಲ್ ಕೋಟ್ ಕಟ್ಟಿದರು. ನಂತರದ ಶತಮಾನದಲ್ಲಿ ಅದು ಚೌಹಾಣರ ಕೈಸೇರಿ ದೊಡ್ಡದಾಯಿತು. 1192ರಲ್ಲಿ ತರಾಯಿನ್ ಯುದ್ಧದಲ್ಲಿ ಪೃಥ್ವೀರಾಜ ಸೋತ ಮೇಲೆ ಘೋರಿಯ ಸೇನಾನಿ ಕುತ್ಬುದ್ದೀನ್ ಐಬಕ್ ಇಲ್ಲಿ ನೆಲೆಯೂರಿದ. ಊರಿನ ಹೆಸರು ಆಗಲೇ ‘ಢಿಲ್ಲಿ’. ಈಗ ವಿಮಾನ ನಿಲ್ದಾಣವಿರುವ ಪಾಲಂನಲ್ಲಿ ವರ್ತಕನೊಬ್ಬ ಕಟ್ಟಿಸಿದ ಮೆಟ್ಟಿಲು ಬಾವಿಯ 1276ರ ಸಂಸ್ಕೃತ ಶಾಸನ ಈ ಹೆಸರನ್ನು ಹೇಳುತ್ತದೆ. ಅದರ ಪ್ರಕಾರ ಈ ನೆಲವನ್ನು ಮೊದಲು ತೋಮರರು, ಆಮೇಲೆ ಚೌಹಾಣರು, ಈಗ ಶಕರು ಆಳುತ್ತಿದ್ದಾರೆ. ಶಕರು ಎಂದರೆ ಸುಲ್ತಾನರು. ಸುಲ್ತಾನ ಬಲ್ಬನ್‌ನ ಕಾಲದಲ್ಲಿ ಬಾವಿ ಕಟ್ಟಿಸಿದ ವರ್ತಕನಿಗೆ ಅದು ಒಂದೇ ಊರಿನ ಮುಂದುವರಿದ ಕಥೆಯಾಗಿ ಕಂಡಿದೆ.

ಕುತುಬ್ ಆವರಣದಲ್ಲಿ ಜನ 72.5 ಮೀಟರ್ ಎತ್ತರದ ಮಿನಾರನ್ನು ಕತ್ತೆತ್ತಿ ನೋಡಿ ಹೊರಟುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಪಕ್ಕದ ಮಸೀದಿಯ ಮೊಗಸಾಲೆಯಲ್ಲಿ ಅರ್ಧ ಗಂಟೆ ಕೂರಿ. ಇಪ್ಪತ್ತೇಳು ದೇವಾಲಯಗಳ ಸಾಮಗ್ರಿಯಿಂದ ಇದನ್ನು ಕಟ್ಟಲಾಯಿತೆಂದು ಅದರ ಬಾಗಿಲಿನ ಪಾರ್ಸಿ ಶಾಸನವೇ ಹೇಳುತ್ತದೆ. ಹಳೇಬೀಡು, ಬೇಲೂರು ನೋಡಿ ಬೆಳೆದ ಕಣ್ಣಿಗೆ ಆ ಕಂಬಗಳು ಅಪರಿಚಿತವಲ್ಲ. ಸರಪಳಿಯಿಂದ ತೂಗುವ ಘಂಟೆ, ಪೂರ್ಣಕುಂಭ, ಎಲೆಬಳ್ಳಿ ಎಲ್ಲವೂ ಇವೆ. ಎತ್ತರ ಸಾಲದೆ ಒಂದು ಕಂಬದ ಮೇಲೆ ಇನ್ನೊಂದನ್ನು ಇಟ್ಟಿದ್ದಾರೆ. ಹಾಗಾಗಿ ಕೆಲವೆಡೆ ಮೇಲಿನ ಕೆತ್ತನೆಗೂ ಕೆಳಗಿನದಕ್ಕೂ ಹೊಂದಿಕೆಯಿಲ್ಲ. ಅಂಗಳದಲ್ಲಿ ಏಳು ಮೀಟರಿಗೂ ಹೆಚ್ಚು ಎತ್ತರದ ಕಬ್ಬಿಣದ ಕಂಬವಿದೆ. ಅದರ ಮೇಲೆ ಚಂದ್ರನೆಂಬ ಅರಸನ ಶಾಸನ ಇದೆ. ಅವನು ಗುಪ್ತರ ಎರಡನೆಯ ಚಂದ್ರಗುಪ್ತ ಎಂಬುದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯ. ಅದೂ ಬೇರೆಡೆಯಿಂದ ಬಂದದ್ದು.

ಇನ್ನು ಅಂಗಳದ ಪಶ್ಚಿಮದ ದೊಡ್ಡ ಕಮಾನುಗಳನ್ನು ಹತ್ತಿರದಿಂದ ನೋಡಿ. ದೂರದಿಂದ ಕಮಾನು, ಹತ್ತಿರ ಹೋದರೆ ಕಮಾನಿನ ತಂತ್ರವೇ ಅಲ್ಲಿಲ್ಲ. ಕಲ್ಲುಗಳನ್ನು ಅಡ್ಡಡ್ಡವಾಗಿಟ್ಟು, ಒಂದಕ್ಕಿಂತ ಒಂದನ್ನು ಸ್ವಲ್ಪ ಸ್ವಲ್ಪ ಮುಂದೆ ಚಾಚಿ, ಎರಡೂ ಕಡೆಯಿಂದ ಬಂದು ಸೇರಿಸಿದ್ದಾರೆ. ನಮ್ಮ ಗುಡಿಗಳ ಒಳಮಾಳಿಗೆಯನ್ನು ಕಟ್ಟುವ ರೀತಿಯೇ ಅದು. ಒಡೆಯರು ಕಮಾನು ಕೇಳಿದರು. ಸ್ಥಳೀಯ ಕಲ್ಲುಕುಟಿಗರು ತಮಗೆ ಗೊತ್ತಿದ್ದ ವಿದ್ಯೆಯಿಂದ ಅದರ ಆಕಾರವನ್ನು ಬರಿಸಿಕೊಟ್ಟರು. ನಡುವೆ ಬೀಗಗಲ್ಲು ಇಟ್ಟು ಕಟ್ಟುವ ನಿಜವಾದ ಕಮಾನು ಇಲ್ಲಿ ಬರಲು ಸುಮಾರು ಒಂದು ಶತಮಾನ ಹಿಡಿಯಿತು. ಬಲ್ಬನ್‌ನ ಗೋರಿಯಲ್ಲಿ ಅದು ಮೊದಲು ಕಾಣುತ್ತದೆ. 1311ರ ಅಲಾಯಿ ದರ್ವಾಜಾ ಬರುವಷ್ಟರಲ್ಲಿ ಕೈ ಪೂರ್ತಿ ಪಳಗಿದೆ. ನೂರು ವರ್ಷದಲ್ಲಿ ಒಂದು ಕಸುಬು ಹೇಗೆ ಬದಲಾಯಿತು ಎಂಬುದನ್ನು ಈ ಆವರಣದಲ್ಲೂ ಅದರ ಪಕ್ಕದಲ್ಲೂ, ಸ್ವಲ್ಪ ನಡಿಗೆಯಲ್ಲಿ ಬೆರಳಿಟ್ಟು ತೋರಿಸಬಹುದು.

1311ನೆಯ ಇಸವಿ ನಿಮ್ಮ ಜಿಲ್ಲೆಗೂ ಸೇರಿದ್ದು. ಅದೇ ವರ್ಷದ ಆರಂಭದಲ್ಲಿ ಅಲಾವುದ್ದೀನ್ ಖಿಲ್ಜಿಯ ಸೇನಾನಿ ಮಲಿಕ್ ಕಾಫರ್ ದೋರಸಮುದ್ರಕ್ಕೆ ಬಂದ. ಮೂರನೆಯ ವೀರಬಲ್ಲಾಳ ಸಂಪತ್ತನ್ನೂ ಆನೆ ಕುದುರೆಗಳನ್ನೂ ಒಪ್ಪಿಸಬೇಕಾಯಿತು. ಬಲ್ಲಾಳನ ಮಗ ದೆಹಲಿಗೆ ಹೋಗಿ 1313ರಲ್ಲಿ ಮರಳಿದ. ಆ ಬಿರುಸಿನ ದಿನಗಳಲ್ಲೇ ಅಲಾವುದ್ದೀನ್ ಕುತುಬ್ ಮಿನಾರಿಗಿಂತ ಎರಡು ಪಟ್ಟು ಎತ್ತರದ ಇನ್ನೊಂದು ಮಿನಾರನ್ನು ಎಬ್ಬಿಸಲು ಹೊರಟಿದ್ದ. 1316ರಲ್ಲಿ ಅವನು ಸತ್ತಾಗ ಅದು ಸುಮಾರು 25 ಮೀಟರಿಗೆ ನಿಂತಿತು. ಒರಟು ಕಲ್ಲಿನ ಆ ಮೋಟು ಗೋಪುರ ಆವರಣದ ಉತ್ತರಕ್ಕಿದೆ.

ಮೆಹರೌಲಿ ಗುಡ್ಡದ ಊರು. ಹಾಗಾಗಿ ಇಲ್ತಮಿಷ್ 1230ರ ಹೊತ್ತಿಗೆ ಅಲ್ಲಿ ಹೌಜ್-ಎ-ಶಮ್ಸಿ ಎಂಬ ಕೆರೆ ತೋಡಿಸಿದ. ಮೆಟ್ಟಿಲು ಬಾವಿಗಳೂ ಬಂದವು. ಜನ ಹೆಚ್ಚಿದರು, ಮಂಗೋಲರ ದಾಳಿಯೂ ಹೆಚ್ಚಿತು. 1303ರಲ್ಲಿ ಮಂಗೋಲರು ದೆಹಲಿಯನ್ನು ಮುತ್ತಿದ ಮೇಲೆ ಅಲಾವುದ್ದೀನ್ ಈಶಾನ್ಯಕ್ಕೆ ಸರಿದು ಸಿರಿ ಎಂಬ ಕೋಟೆ ಕಟ್ಟಿದ. ಅದಕ್ಕೆ ನೀರುಣಿಸಲು ತೋಡಿಸಿದ ದೊಡ್ಡ ಕೆರೆಯೇ ಈಗಿನ ಹೌಜ್ ಖಾಸ್. ಮುಂದೆ ಘಿಯಾಸುದ್ದೀನ್ ತುಘಲಕ್ 1321ರಲ್ಲಿ ದೂರದ ಬಂಡೆಗುಡ್ಡದ ಮೇಲೆ ತುಘಲಕಾಬಾದನ್ನು ಆರಂಭಿಸಿದ. ನೋಡಿದವರ ಎದೆ ನಡುಗಿಸುವಂಥ ಗೋಡೆಗಳು. ಆದರೆ ಕೆಲವೇ ವರ್ಷಗಳಲ್ಲಿ ಊರು ಬರಿದಾಯಿತು. ಸುಲ್ತಾನನಿಗೂ ಸೂಫಿ ಸಂತ ನಿಜಾಮುದ್ದೀನರಿಗೂ ಆಗದ ಕಾರಣ ಸಂತರು ಕೊಟ್ಟ ಶಾಪ ತಟ್ಟಿತು ಎಂದು ಜನ ಹೇಳುತ್ತಾರೆ. ಜಗಳಕ್ಕೆ ಕಾರಣ ಕೆಲಸಗಾರರಂತೆ. ಸುಲ್ತಾನನಿಗೆ ಕೋಟೆಗೆ ಆಳು ಬೇಕಿತ್ತು, ಸಂತರಿಗೆ ಬಾವಿಗೆ. ಕಥೆ ನಿಜವಿರಲಿ, ಇಲ್ಲದಿರಲಿ, ಆ ಬಾವಿ ಇಂದಿಗೂ ನಿಜಾಮುದ್ದೀನ್ ಬಸ್ತಿಯ ನಡುವೆ ಇದೆ, ಸುತ್ತ ಜನ ತುಂಬಿದ್ದಾರೆ. ತುಘಲಕಾಬಾದಿನ ಕೋಟೆಯೊಳಗೆ ಕುರುಚಲು ಬೆಳೆದಿದೆ.

ಮಗ ಮಹಮ್ಮದ್ ಬಿನ್ ತುಘಲಕ್ ಹಳೆಯ ದೆಹಲಿಗೂ ಸಿರಿಗೂ ನಡುವಿನ ಜಾಗಕ್ಕೆ ಗೋಡೆ ಹಾಕಿಸಿ ಜಹಾಂಪನಾ ಎಂದು ಹೆಸರಿಟ್ಟ. ಅದರ ಗೋಡೆಯಲ್ಲಿ ಸತ್‌ಪುಲಾ ಎಂಬ ಏಳು ಕಣ್ಣಿನ ತೂಬು ಉಂಟು. ಮಳೆನೀರನ್ನು ತಡೆದು ಬೇಕಾದಾಗ ಬಿಡುವ ಏರ್ಪಾಡು. ನಮ್ಮ ಕೆರೆಗಳ ತೂಬು ಬಲ್ಲವರಿಗೆ ಅಲ್ಲಿ ವಿವರಣೆ ಬೇಡ. ಇದೇ ಸುಲ್ತಾನ 1327ರ ಸುಮಾರಿಗೆ ರಾಜಧಾನಿಯನ್ನು ದೇವಗಿರಿಗೆ ಒಯ್ದ. ನಮ್ಮಲ್ಲಿ ‘ತುಘಲಕ್ ದರ್ಬಾರು’ ಎಂಬ ಮಾತು ಉಳಿದದ್ದು ಇದರಿಂದಲೇ. ಆ ಗುಳೆಯಲ್ಲಿ ದೆಹಲಿ ಪಟ್ಟ ಪಾಡು ದೊಡ್ಡದು. ಆದರೂ ಊರು ಪೂರ್ತಿ ಅಳಿಯಲಿಲ್ಲ. 1330ರ ದಶಕದಲ್ಲಿ ಬಂದ ಮೊರಾಕ್ಕೋದ ಯಾತ್ರಿಕ ಇಬ್ನ್ ಬತೂತ ಅಲ್ಲೇ ಕಾಜಿಯಾಗಿ ಕೆಲಸ ಮಾಡಿದ.

ನದಿಯ ಮಗ್ಗುಲಿಗೆ ಮೊದಲು ಹೋದ ಸುಲ್ತಾನರಲ್ಲಿ ಗಟ್ಟಿಯಾಗಿ ನೆಲೆ ನಿಂತವನು ಫಿರೋಜ್ ಷಾ. 1354ರಲ್ಲಿ ಆರಂಭವಾದ ಫಿರೋಜಾಬಾದಿನ ಅರಮನೆಯ ಅವಶೇಷ ಈಗ ಕ್ರಿಕೆಟ್ ಮೈದಾನದ ಪಕ್ಕದಲ್ಲಿದೆ. ಅಂಬಾಲಾ ಕಡೆಯ ಟೋಪ್ರಾದಿಂದ ಅಶೋಕನ ಕಂಬವೊಂದನ್ನು ಇವನು ಇಲ್ಲಿಗೆ ತರಿಸಿದ. ಬೂರುಗದ ಹತ್ತಿಯ ಮೇಲೆ ಮೆಲ್ಲನೆ ಒರಗಿಸಿ, 42 ಗಾಲಿಗಳ ಬಂಡಿಯಲ್ಲಿ ಎಳೆಸಿ, ಯಮುನೆಯಲ್ಲಿ ದೋಣಿಗಳ ಮೇಲೆ ತೇಲಿಸಿ ತಂದರು. ಕಂಬದ ಮೇಲೆ ಏನು ಬರೆದಿದೆ ಎಂದು ಓದಬಲ್ಲವರು ಆಗ ಒಬ್ಬರೂ ಇರಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿಯನ್ನು ಬಿಡಿಸಿದಾಗ ಈ ಕಂಬದ ಬರಹ ಬಾಯಿಬಿಟ್ಟಿತು. ಅದರಲ್ಲಿದ್ದುದು ‘ದೇವಾನಾಂಪಿಯ ಪಿಯದಸಿ’ ಎಂಬ ಬಿರುದು ಮಾತ್ರ. ‘ಅಶೋಕ’ ಎಂಬ ಹೆಸರನ್ನೇ ಹೇಳಿ ಆ ಗುರುತನ್ನು ಖಚಿತಪಡಿಸಿದ್ದು 1915ರಲ್ಲಿ ಸಿಕ್ಕಿದ ನಮ್ಮ ಮಸ್ಕಿಯ ಶಾಸನ.

1398ರಲ್ಲಿ ತೈಮೂರ್ ಬಂದು ದೆಹಲಿಯನ್ನು ಸೂರೆ ಮಾಡಿದ. ಆಮೇಲಿನ ಸಯ್ಯದರು, ಲೋದಿಗಳು ಹೆಚ್ಚಾಗಿ ಗೋರಿಗಳನ್ನೇ ಬಿಟ್ಟುಹೋದರು. ಸಿಕಂದರ್ ಲೋದಿ ಆಗ್ರಾಕ್ಕೆ ಹೋದ. ಹುಮಾಯೂನ್ 1533ರಲ್ಲಿ ಇಂದ್ರಪತ್ ದಿಬ್ಬದ ಮೇಲೆ ದೀನ್‌ಪನಾ ಕಟ್ಟಲು ಹೊರಟ. ಶೇರ್ ಷಾ ಅವನನ್ನು ಓಡಿಸಿ ಅದೇ ಕೋಟೆಯನ್ನು ಮುಂದುವರಿಸಿದ. ಹುಮಾಯೂನ್ ಮರಳಿ ಬಂದು, 1556ರಲ್ಲಿ ಅಲ್ಲೇ ತನ್ನ ಗ್ರಂಥಾಲಯದ ಮೆಟ್ಟಿಲಿನಿಂದ ಬಿದ್ದು ಸತ್ತ. ಕಡಿದಾದ ಕಿರಿದು ಮೆಟ್ಟಿಲುಗಳವು.

ಈಗ ನೋಡಿ, ಚಾಂದನಿ ಚೌಕ ಬರುವುದು ಇಷ್ಟೆಲ್ಲ ಆದ ಮೇಲೆ. ಷಾಜಹಾನ್ 1639ರಲ್ಲಿ ಆರಂಭಿಸಿ 1648ರಲ್ಲಿ ದರ್ಬಾರು ಸಮೇತ ಪ್ರವೇಶಿಸಿದ ಷಾಜಹಾನಾಬಾದನ್ನು ನಾವಿಂದು ಹಳೆ ದೆಹಲಿ ಎನ್ನುತ್ತೇವೆ. ಏಳರಲ್ಲಿ ಅದೇ ಕೊನೆಯದು. ಅದು ಹೊಸದಾಗಿದ್ದಾಗ ಹಳೆ ದಿಲ್ಲಿ ಎಂದರೆ ದಕ್ಷಿಣದ ಊರುಗಳು. 1931ರಲ್ಲಿ ನವದೆಹಲಿ ಬಂದಾಗ ಹೆಸರು ಇತ್ತ ಜಾರಿತು. ಆ ಊರಿನ ಚೆಲುವಿಗೂ ನೀರೇ ಕಾರಣ. ಫಿರೋಜನ ಕಾಲದ ಹಾಳುಬಿದ್ದ ಕಾಲುವೆಯನ್ನು ಅಲೀ ಮರ್ದಾನ್ ಖಾನ್ ಎಂಬ ಅಧಿಕಾರಿ ಮತ್ತೆ ಹರಿಯುವಂತೆ ಮಾಡಿದ. ಅದು ಚಾಂದನಿ ಚೌಕದ ಬೀದಿಯ ನಟ್ಟನಡುವೆ ಹರಿಯಿತು. ಬೀದಿಯನ್ನು ಯೋಜಿಸಿದವಳು ಚಕ್ರವರ್ತಿಯ ಮಗಳು ಜಹನಾರಾ. ನಡುವಿನ ಕೊಳದಲ್ಲಿ ಬೆಳದಿಂಗಳು ಬಿದ್ದು ಹೊಳೆಯುತ್ತಿದ್ದುದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ಕಾಲುವೆ ಈಗಿಲ್ಲ. ಕೆಂಪು ಕೋಟೆಯ ಗೋಡೆಗೆ ತಾಗಿ ಹರಿಯುತ್ತಿದ್ದ ಯಮುನೆಯೂ ಪೂರ್ವಕ್ಕೆ ಸರಿದಿದ್ದಾಳೆ. ಅವಳ ಹಳೆಯ ಪಾತ್ರದಲ್ಲಿ ರಿಂಗ್ ರಸ್ತೆಯ ವಾಹನಗಳು ಓಡುತ್ತಿವೆ.

1739ರಲ್ಲಿ ನಾದಿರ್ ಷಾ ಈ ಬೀದಿಗಳಲ್ಲಿ ಸಾವಿರಾರು ಜನರನ್ನು ಕೊಲ್ಲಿಸಿ ಮಯೂರ ಸಿಂಹಾಸನವನ್ನು ಹೊತ್ತೊಯ್ದ. 1803ರಲ್ಲಿ ಕಂಪನಿ ಸರ್ಕಾರ ಬಂತು. 1857ರ ದಂಗೆಯನ್ನು ಹತ್ತಿಕ್ಕಿದ ಮೇಲೆ ಬ್ರಿಟಿಷರು ಊರಿನ ಜನರನ್ನೇ ಹೊರಗಟ್ಟಿದರು. ಬಹದ್ದೂರ್ ಷಾನನ್ನು ರಂಗೂನಿಗೆ ಕಳಿಸಿದರು. ಕೋಟೆಯೊಳಗಿನ ಹೆಚ್ಚಿನ ಕಟ್ಟಡಗಳನ್ನು ಕೆಡವಿ ಸೈನಿಕರ ಬ್ಯಾರಕ್ ಎಬ್ಬಿಸಿದರು. ಕೋಟೆಯಲ್ಲಿ ಅಮೃತಶಿಲೆಯ ಮಂಟಪಗಳ ನಡುವೆ ಅಷ್ಟು ಖಾಲಿ ಹುಲ್ಲುಹಾಸು ಏಕೆ ಎಂದು ಮಕ್ಕಳು ಕೇಳಿದರೆ ಇದನ್ನು ಹೇಳಿ. ಅಲ್ಲಿ ಮನೆ, ಅಂಗಳ, ತೋಟಗಳಿದ್ದವು.

ಎಂಟನೆಯ ದೆಹಲಿಯ ಕಥೆಯಲ್ಲೂ ನೀರು ಬಂತು. 1911ರ ಡಿಸೆಂಬರ್ 12ರಂದು ಐದನೆಯ ಜಾರ್ಜ್ ಕಲ್ಕತ್ತದಿಂದ ರಾಜಧಾನಿಯನ್ನು ಇಲ್ಲಿಗೆ ತರುವುದಾಗಿ ಘೋಷಿಸಿ, ಮೂರು ದಿನದ ಮೇಲೆ ಉತ್ತರದ ದರ್ಬಾರ್ ಮೈದಾನದ ಬಳಿ ಶಂಕುಸ್ಥಾಪನೆ ಮಾಡಿದ. ಆ ಕಡೆಯ ನೆಲ ತಗ್ಗು, ಪ್ರವಾಹಕ್ಕೂ ಮಲೇರಿಯಾಕ್ಕೂ ತವರು ಎಂದು ತಜ್ಞರ ಸಮಿತಿ ತೀರ್ಮಾನಿಸಿತು. ಅಡಿಗಲ್ಲುಗಳು ದಕ್ಷಿಣಕ್ಕೆ ಪಯಣಿಸಿದವು. ರೈಸಿನಾ, ಮಾಲ್ಚಾ ಹಳ್ಳಿಗಳ ರೈತರು ಜಮೀನು ಕಳೆದುಕೊಂಡರು. ಅವರ ಹೆಸರು ಯಾವ ಫಲಕದ ಮೇಲೂ ನನಗೆ ಕಾಣಲಿಲ್ಲ, ಅದು ನನ್ನ ಮನಸ್ಸಿಗೆ ಚುಚ್ಚುತ್ತದೆ. ಲುಟಿಯೆನ್ಸ್ ಮತ್ತು ಬೇಕರ್ ಎಂಬ ಇಬ್ಬರು ವಾಸ್ತುಶಿಲ್ಪಿಗಳು ರೈಸಿನಾ ಗುಡ್ಡದ ಇಳಿಜಾರಿನ ವಿಷಯಕ್ಕೆ ಕಾದಾಡಿದರು. ಕಾರಣವನ್ನು ನೀವೇ ಕಾಣಬಹುದು. ಕರ್ತವ್ಯ ಪಥದಲ್ಲಿ ದೂರದಿಂದ ಭವ್ಯವಾಗಿ ಕಾಣುವ ರಾಷ್ಟ್ರಪತಿ ಭವನ, ನೀವು ವಿಜಯ್ ಚೌಕದ ಹತ್ತಿರ ಬಂದಂತೆ ಗುಡ್ಡದ ಹಿಂದೆ ಮುಳುಗಿ ಗುಮ್ಮಟದ ತುದಿಯಷ್ಟೇ ಉಳಿಯುತ್ತದೆ.

ಆದರೆ ಇಂದಿನ ದೆಹಲಿಯನ್ನು ಮಾಡಿದ್ದು ಲುಟಿಯೆನ್ಸ್ ಅಲ್ಲ, 1947. ದೇಶವಿಭಜನೆಯಲ್ಲಿ ಸುಮಾರು ಐದು ಲಕ್ಷ ನಿರಾಶ್ರಿತರು ಬಂದರು, ಲಕ್ಷಾಂತರ ಮುಸ್ಲಿಮರು ಊರು ಬಿಟ್ಟರು. ಹೊರಡುವವರ ಶಿಬಿರಗಳು ಪುರಾನಾ ಕಿಲಾ ಮತ್ತು ಹುಮಾಯೂನ್ ಗೋರಿಯ ಅಂಗಳಗಳಲ್ಲಿದ್ದವು. 1941ರಲ್ಲಿ ಒಂಬತ್ತು ಲಕ್ಷದಷ್ಟಿದ್ದ ಜನಸಂಖ್ಯೆ 1951ಕ್ಕೆ ಹದಿನೇಳು ಲಕ್ಷ ದಾಟಿತು. ಲಜಪತ್ ನಗರ, ರಾಜೇಂದ್ರ ನಗರ, ಪಟೇಲ್ ನಗರಗಳು ಹುಟ್ಟಿದ್ದು ಹಾಗೆ. ದಕ್ಷಿಣದಿಂದ ಸರ್ಕಾರಿ ಕೆಲಸಕ್ಕೆ ಹೋದ ನಮ್ಮವರೂ ಕರೋಲ್ ಬಾಗ್, ಆರ್.ಕೆ. ಪುರಂಗಳಲ್ಲಿ ಮನೆ ಮಾಡಿ ಕನ್ನಡ ಶಾಲೆಯನ್ನೂ ಕರ್ನಾಟಕ ಸಂಘವನ್ನೂ ಬೆಳೆಸಿದರು. 2011ರ ಜನಗಣತಿಗೆ ದೆಹಲಿ 1.68 ಕೋಟಿ ಜನರ ಪ್ರದೇಶ. ಇಷ್ಟು ಜನರ ನೀರು ಈಗ ಹರಿಯಾಣದ ಮುನಕ್ ಕಾಲುವೆಯಿಂದ, ಗಂಗೆಯ ಕಾಲುವೆಯಿಂದ ಬರಬೇಕು. ಹೌಜ್ ಖಾಸ್ ಕೆರೆ ವಿಹಾರಕ್ಕೆ ಉಳಿದಿದೆ.

‘ಏಳು ಸಲ ಹಾಳಾಯಿತು’ ಎಂಬ ಮಾತನ್ನು ನಾನು ಒಪ್ಪದಿರುವುದಕ್ಕೆ ಕಾರಣ ಇಷ್ಟೇ. ಹಂಪೆ 1565ರ ನಂತರ ಹಾಳುಬಿತ್ತು, ಜನ ಚದುರಿದರು. ಇಲ್ಲಿ ಹೆಚ್ಚಿನ ಸಲ ಎದ್ದು ಹೋದದ್ದು ದರ್ಬಾರು ಮಾತ್ರ. ಸೂಫಿಗಳ ದರ್ಗಾ, ಜೈನರ ಗುಡಿ, ಸಂತೆ, ಬಾವಿ ಇದ್ದಲ್ಲಿ ಜನ ಉಳಿದರು. ಮೆಹರೌಲಿಯಲ್ಲಿ ತೋಮರರ ಕಾಲದಿಂದ ಇಂದಿನವರೆಗೂ ಜನವಸತಿ ತಪ್ಪಿಲ್ಲ. ನಿಜಾಮುದ್ದೀನ್ ಬಸ್ತಿಗೆ ಏಳು ಶತಮಾನ.

ಇನ್ನು ನೋಡುವ ಕ್ರಮ. ಮೊದಲ ದಿನ ಮೆಹರೌಲಿಯಿಂದಲೇ ಆರಂಭಿಸಿ: ಕುತುಬ್ ಆವರಣ, ಬಲ್ಬನ್ ಗೋರಿ, ಮೆಟ್ಟಿಲು ಬಾವಿಗಳು, ಸಂಜೆ ಹೌಜ್ ಖಾಸ್. ಡಿಸೆಂಬರಿನ ಮುಂಜಾನೆ ಮಂಜು ಕವಿದಿರುತ್ತದೆ, ಹತ್ತರ ಮೇಲೆ ಹೊರಟರೆ ಸಾಕು. ಎರಡನೆಯ ದಿನ ತುಘಲಕಾಬಾದ್, ಬಹಾಪುರದ ಬಂಡೆ, ನಿಜಾಮುದ್ದೀನ್, ಹುಮಾಯೂನ್ ಗೋರಿ. ಮೂರನೆಯ ದಿನ ಪುರಾನಾ ಕಿಲಾ, ಫಿರೋಜ್ ಷಾ ಕೋಟ್ಲಾ, ಕೆಂಪು ಕೋಟೆ, ಜಾಮಾ ಮಸೀದಿ, ಚಾಂದನಿ ಚೌಕ. ಕೆಂಪು ಕೋಟೆಗೆ ಸೋಮವಾರ ರಜೆ. ಕೋಟ್ಲಾಕ್ಕೆ ಗುರುವಾರ ಹೋದರೆ ಜನ ಜಿನ್‌ಗಳಿಗೆ ಅರ್ಜಿ ಬರೆದು ಪಾಳು ಗೋಡೆಗಳ ಗೂಡುಗಳಲ್ಲಿಟ್ಟು ದೀಪ ಹಚ್ಚುವುದನ್ನು ಕಾಣಬಹುದು. ದಯವಿಟ್ಟು ಅವರ ಫೋಟೋ ತೆಗೆಯಬೇಡಿ, ಅದು ಅವರ ಪ್ರಾರ್ಥನೆ. ಕೊನೆಯ ದಿನ ರೈಸಿನಾ ಮತ್ತು ಇಂಡಿಯಾ ಗೇಟ್.

ಒಂದು ಮೆಟ್ರೊ ಪ್ರಯಾಣವನ್ನು ಮಾತ್ರ ತಪ್ಪಿಸಬೇಡಿ. ಹಳದಿ ಮಾರ್ಗದಲ್ಲಿ ಕುತುಬ್ ಮಿನಾರ್ ನಿಲ್ದಾಣದಲ್ಲಿ ಹತ್ತಿ ಚಾಂದನಿ ಚೌಕದಲ್ಲಿ ಇಳಿಯಿರಿ. ನಡುವೆ ಹೌಜ್ ಖಾಸ್ ಬರುತ್ತದೆ, ಕೇಂದ್ರ ಸಚಿವಾಲಯ ಬರುತ್ತದೆ, ರಾಜೀವ್ ಚೌಕ ಬರುತ್ತದೆ. ಪ್ರತಿ ನಿಲ್ದಾಣದ ಹೆಸರು ಕೇಳಿದಾಗ ಮೇಲೆ ಯಾವ ದೆಹಲಿ ಇದೆ ಎಂದು ಮಕ್ಕಳನ್ನೇ ಕೇಳಿ.